ಖಾಲಿ ಗಂಟು

ಹಗ್ಗದ ಟೀಚರು ಹುಟ್ಟಾ ಪುಕ್ಕಲು. ಇದು ಚಾಡಿಯ ಮಾತಲ್ಲ, ಅವರೇ ನಗುತ್ತ ಒಪ್ಪಿಕೊಳ್ಳುವ ಸಂಗತಿ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಬಂದು, ‘ಅಯ್ಯೋ, ಗ್ಯಾಸ್ ಆರಿಸಿದೆನಾ?’ ಎಂದು ವಾಪಸು ಓಡುವವರು ಅವರು. ಬೀಗವನ್ನು ಜಗ್ಗಿ ನೋಡಿ, ಜಗ್ಗಿದ್ದಕ್ಕೇ ಸಡಿಲವಾಯಿತೇನೋ ಎಂದು ಮತ್ತೊಮ್ಮೆ ಜಗ್ಗುವವರು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಅವರ ಯಜಮಾನರು ರೇಗಿಸುತ್ತಾರೆ: “ನೀನು ಹೆದರೋದಕ್ಕೆ ಯಾರಾದ್ರೂ ಸಂಬಳ ಕೊಡೋ ಹಾಗಿದ್ರೆ, ಇಷ್ಟೊತ್ತಿಗೆ ಮೂರು ಮಹಡಿ ಎಬ್ಬಿಸಿರ್ತಿದ್ವಿ ಕಣೇ.” ಟೀಚರಿಗೆ ಆ ಮಾತಿಗೂ ಭಯವೇ. ಮಹಡಿಯಿಂದ ಯಾರಾದರೂ ಬಿದ್ದರೆ?

ಇಂಥವರು ಬಡಾವಣೆಯ ಚಿಕ್ಕ ಮಕ್ಕಳನ್ನೆಲ್ಲ ಒಂದು ಹಗ್ಗಕ್ಕೆ ಪೋಣಿಸಿಕೊಂಡು ದಿನಾ ಹೆದ್ದಾರಿ ದಾಟಿಸುತ್ತಾರೆಂದರೆ ಹೊಸಬರು ನಂಬುವುದಿಲ್ಲ. “ಅಷ್ಟು ಧೈರ್ಯ ಎಲ್ಲಿಂದ ಬಂತು ಟೀಚರ್?” ಎಂದು ಕೇಳಿದರೆ, “ಧೈರ್ಯ ಯಾರಿಗಿದೆ? ಭಯಕ್ಕೇ ಮಾಡಿದ್ದು” ಎನ್ನುತ್ತಾರೆ.

ಟೀಚರ ಶಾಲೆ ಹೆದ್ದಾರಿಯ ಆಚೆ ಬದಿಯಲ್ಲಿದೆ. ಮಕ್ಕಳ ಮನೆಗಳೆಲ್ಲ ಈಚೆ. ನಡುವೆ ಹಗಲೂ ರಾತ್ರಿ ಲಾರಿಗಳು. ಟೀಚರು ವರ್ಗವಾಗಿ ಈ ಶಾಲೆಗೆ ಬಂದ ದಿನ ಒಂದನೇ ಕ್ಲಾಸಿನ ಬೆಂಚುಗಳೆಲ್ಲ ಬಣಬಣ ಎನ್ನುತ್ತಿದ್ದವು. ವಿಚಾರಿಸಿದರೆ ಗೊತ್ತಾಯಿತು: ಹಿಂದಿನ ವರ್ಷ ಒಬ್ಬ ಹುಡುಗಿಗೆ ರಸ್ತೆ ದಾಟುವಾಗ ಲಾರಿ ಬಡಿದಿದೆ. ಜೀವ ಉಳಿದಿದೆ, ಕಾಲು ಸೊಟ್ಟಗಾಗಿದೆ, ಕಂಕುಳಿಗೆ ಊರುಗೋಲು ಬಂದಿದೆ. ಅಪ್ಪ ಅಮ್ಮಂದಿರು ಬೆಳಿಗ್ಗೆ ಫ್ಯಾಕ್ಟರಿಯ ಗೇಟು ಮುಚ್ಚುವ ಮೊದಲು ಒಳಗಿರಬೇಕು, ಮಕ್ಕಳನ್ನು ದಾಟಿಸುವವರು ಯಾರು? ‘ಓದದಿದ್ದರೆ ಹಾಳಾಗಿ ಹೋಗಲಿ, ಮಗು ಜೀವಂತ ಇರಲಿ’ ಎಂದು ಮನೆಯಲ್ಲೇ ಕೂಡಿಹಾಕಿ ಹೋಗುತ್ತಿದ್ದರು. ದೊಡ್ಡ ಮಕ್ಕಳು ಹೇಗೋ ಓಡಿ ದಾಟುತ್ತಿದ್ದರು, ಚಿಕ್ಕವರಿಗೆ ಶಾಲೆಯೇ ಇಲ್ಲದಂತಾಗಿತ್ತು.

ಟೀಚರಿಗೆ ಆ ವಾರವೆಲ್ಲ ನಿದ್ದೆಯಿಲ್ಲ. ಕೊನೆಗೊಂದು ಬೆಳಿಗ್ಗೆ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬಿಚ್ಚಿ, ಮೊಳಕ್ಕೊಂದು ಗಂಟು ಹಾಕಿದರು. ಒಂದು ಗಂಟಿಗೆ ಒಂದು ಮಗು. ಮನೆಮನೆಯ ಬಾಗಿಲು ತಟ್ಟಿ, “ನಾನು ಕರ್ಕೊಂಡು ಹೋಗ್ತೀನಿ, ನಾನೇ ವಾಪಸ್ ತಂದು ಬಿಡ್ತೀನಿ” ಎಂದರು. ಮೊದಲ ದಿನ ಸಿಕ್ಕಿದ್ದು ಬೆರಳೆಣಿಕೆಯ ಮಕ್ಕಳು. ಸೈಕಲ್ ಅಂಗಡಿಯ ಮುಂದೆ ಕೂತ ಸೋಮಾರಿಗಳು, “ಏನ್ ಟೀಚರ್, ಕರು ಮೇಯಿಸೋಕೆ ಹೊರಟ್ರಾ?” ಎಂದು ನಕ್ಕರು. ಟೀಚರು ತಲೆ ಎತ್ತಲಿಲ್ಲ. ಅವರ ಕಣ್ಣೆಲ್ಲ ಹಗ್ಗದ ಮೇಲೆ.

ಹಗ್ಗ ಬೆಳೆಯಿತು. ಶಾಲೆಯ ಡ್ರಿಲ್ ಮಾಸ್ತರು ಮುಂದೆ ಕೆಂಪು ಬಾವುಟ ಹಿಡಿದು ನಡೆಯಲು ಒಪ್ಪಿಕೊಂಡರು. ಟೀಚರು ಹಿಂದೆ, ಬಾಲದಲ್ಲಿ. ಹಗ್ಗ ಹೋಗುವ ದಾರಿಯ ಅಂಗಡಿಯವರು ಫುಟ್‌ಪಾತಿನ ಮೇಲೆ ಇಟ್ಟ ಡಬ್ಬ, ಚೀಲಗಳನ್ನು ಒಳಗೆ ಎಳೆದುಕೊಂಡರು. ಬಾಯಿ ತೆರೆದುಕೊಂಡಿದ್ದ ಚರಂಡಿಗೆ ಚಪ್ಪಡಿ ಬಿತ್ತು. ಮೂಲೆಯಲ್ಲಿ ಬೆಳಿಗ್ಗೆಯೇ ಕುಡಿದು ಒರಗುತ್ತಿದ್ದವರು ನಾಚಿಕೆಗೋ, ಟೀಚರ ವಟವಟಕ್ಕೋ ಜಾಗ ಖಾಲಿ ಮಾಡಿದರು. ಅಮ್ಮಂದಿರು ಮಗುವನ್ನು ಗಂಟಿಗೆ ಒಪ್ಪಿಸಿ ಸೀದಾ ಕೆಲಸಕ್ಕೆ ಹೋಗುವಂತಾಯಿತು. ಕರು ಮೇಯಿಸುವ ಜೋಕು ಹೊಡೆದವನೇ ತನ್ನ ಮಗನನ್ನು ತಂದು, “ಇವನಿಗೊಂದು ಗಂಟು ಹಾಕಿ ಟೀಚರ್” ಎಂದ. ಟೀಚರು ಆಗಲೂ ಜಂಬಪಡಲಿಲ್ಲ. ಮಕ್ಕಳು ಹೆಚ್ಚಾದಷ್ಟೂ ಅವರ ಭಯವೂ ಹೆಚ್ಚಾಯಿತು.

ಆ ಭಯಕ್ಕೇ ಅವರು ನಿಯಮ ಮಾಡಿದ್ದು. ಯಾರ ಕೈಯನ್ನೂ ಹಿಡಿಯಬಾರದು, ಹಗ್ಗವನ್ನೇ ಹಿಡಿಯಬೇಕು. ಕೈ ತಪ್ಪಿದರೆ ನಿಂತಲ್ಲೇ ನಿಲ್ಲಬೇಕು, ಟೀಚರ್ ಬರುತ್ತಾರೆ. ಆಮೇಲೆ ಇನ್ನೊಂದು ಸೇರಿತು. ಒಮ್ಮೆ ಒಂದು ಮಗು ಬಾರದೆ ಅದರ ಗಂಟು ಜೋತುಬಿದ್ದು, ಹಿಂದಿನವನ ಕಾಲಿಗೆ ತೊಡರಿ ಅವನ ಮಂಡಿ ತರಚಿಹೋಯಿತು. ಅಂದಿನಿಂದ, ಗಂಟು ಖಾಲಿ ಬಿಡಬಾರದು. ಖಾಲಿಯಾದರೆ ಹಿಂದಿನವರು ಅದನ್ನೂ ಹಿಡಿದುಕೊಳ್ಳಬೇಕು. ಮಕ್ಕಳಿಗೆ ಈ ನಿಯಮ ಎಂದರೆ ಬಲು ಇಷ್ಟ. ಎರಡು ಗಂಟು ಹಿಡಿದವನು ಅಂದು ರಾಜ.

ಎಲ್ಲರಿಗಿಂತ ತಡವಾಗಿ ಹಗ್ಗಕ್ಕೆ ಬಂದ ಮಗು ಗುಬ್ಬಿ. ಹೆಸರಿಗೆ ತಕ್ಕ ಹಾಗೆ ಒಂದು ಹಿಡಿ ದೇಹ, ಅಗಲವಾದ ಕಣ್ಣು. ಲಾರಿ ಬಡಿದಿತ್ತಲ್ಲ, ಆ ಹುಡುಗಿಯ ತಂಗಿ. ಗುಬ್ಬಿಯ ಅಮ್ಮ ಗಾರ್ಮೆಂಟ್ಸಿನಲ್ಲಿ ಹೊಲಿಗೆಯವಳು, ಗಂಡನಿಲ್ಲ. ಟೀಚರು ಅವಳ ಬಾಗಿಲಿಗೆ ಎಡತಾಕಿ ಎಡತಾಕಿ ಚಪ್ಪಲಿ ಸವೆಸಿದ್ದರು. ಅವಳು ಅರ್ಧ ತೆರೆದ ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದಳು.

“ಟೀಚರೇ, ಲಾರಿ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅದು ಕಬ್ಬಿಣ, ಅದಕ್ಕೇನು ಗೊತ್ತು? ನನ್ನ ದೊಡ್ಡೋಳು ಆಸ್ಪತ್ರೆ ಸೇರಿದ್ದು ಬೆಳಿಗ್ಗೆ. ನನಗೆ ಗೊತ್ತಾಗಿದ್ದು ಸಾಯಂಕಾಲ, ಅದೂ ಹಾಲಿನವನ ಬಾಯಿಂದ. ನಿಮ್ಮ ಸ್ಕೂಲಿನೋರು ಒಬ್ರಾದ್ರೂ ಬಂದು ಹೇಳಿದ್ರಾ? ನಾನು ಅಲ್ಲಿ ಕೂತು ಯಾರದೋ ಅಂಗಿಗೆ ಕಾಲರ್ ಹೊಲೀತಾ ಇದ್ದೆ.”

ಆದರೂ ಟೀಚರು ಬಿಡಲಿಲ್ಲ. ಅವಳ ಹಿಂದೆ, ಕತ್ತಲೆಯ ಕೋಣೆಯಲ್ಲಿ, ದೊಡ್ಡವಳು ಊರುಗೋಲು ಪಕ್ಕಕ್ಕಿಟ್ಟು ಗೋಡೆ ನೋಡುತ್ತ ಕೂತಿರುತ್ತಿದ್ದಳು. ಅಂದಿನಿಂದ ಅವಳು ಹೆದ್ದಾರಿಯ ಕಡೆ ಮುಖ ಹಾಕಿಲ್ಲ. ಚಿಕ್ಕದೂ ಹೀಗೇ ಗೋಡೆ ನೋಡುತ್ತ ಬೆಳೆಯುತ್ತದಲ್ಲ ಎಂದು ಟೀಚರು ಮತ್ತೆ ಮತ್ತೆ ಬಾಗಿಲು ತಟ್ಟುತ್ತಿದ್ದರು. ಕೊನೆಗೊಂದು ದಿನ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು: “ನನ್ನನ್ನ ನಂಬಮ್ಮ. ಇವಳ ಜವಾಬ್ದಾರಿ ನಂದು.” ಹೇಳಿದ ಮೇಲೆ ಮನೆಗೆ ಬಂದು, ‘ಯಾಕಾದರೂ ಹೇಳಿದೆನೋ’ ಎಂದು ಊಟ ಬಿಟ್ಟರು. ಮರುದಿನ ಗುಬ್ಬಿ ಬಾಗಿಲಲ್ಲಿ ಬ್ಯಾಗು ಏರಿಸಿಕೊಂಡು ನಿಂತಿದ್ದಳು.

ಇಷ್ಟೂ ನಡೆದು ಕೆಲವು ತಿಂಗಳಾದ ಮೇಲೆ ಮೇಲಿನ ಕಚೇರಿಯ ಅಧಿಕಾರಿ ಹಗ್ಗ ನೋಡಲು ಬರುತ್ತಾರೆ ಎಂಬ ಸುದ್ದಿ ಬಂತು. ಹೆದ್ದಾರಿ ಬದಿಯ ಬೇರೆ ಶಾಲೆಗಳಲ್ಲೂ ಇದನ್ನು ಶುರುಮಾಡುವ ಯೋಚನೆಯಂತೆ. ಹೆಡ್ ಮಾಸ್ತರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ನೀವು ನಾಳೆ ಬಾಲದಲ್ಲಿ ನಿಂತ್ರೆ ಹೇಗೆ ಟೀಚರೇ? ಹಗ್ಗ ನಿಮ್ಮದು, ನೀವು ಮುಂದೆ ಇರಬೇಕು. ಸಾಹೇಬ್ರ ಪಕ್ಕ ನಡೀರಿ, ವಿವರಿಸಿ. ಡ್ರಿಲ್ ಮಾಸ್ತರು ಹಿಂದೆ ಇರ್ತಾರೆ.”

“ಸರ್, ನಾನು ಹಿಂದೆ ಇದ್ರೇನೇ ನನಗೆ ಸಮಾಧಾನ...”

“ಒಂದು ದಿನಕ್ಕೆ ಏನೂ ಆಗಲ್ಲ ಬಿಡಿ. ನೀವೊಬ್ರು, ಎಲ್ಲದಕ್ಕೂ ಹೆದರ್ಕೋತೀರಿ!”

ಜೀವನವಿಡೀ ಕೇಳಿದ ಮಾತು ಅದು. ಟೀಚರಿಗೂ ತಮ್ಮ ಮೇಲೆ ತಮಗೇ ಬೇಸರ ಬಂದು ಒಪ್ಪಿಕೊಂಡರು.

ಮರುದಿನ ಅಧಿಕಾರಿ ಬಂದರು, ಒಳ್ಳೆಯ ಮನುಷ್ಯ, ನಿಜವಾಗಿಯೂ ಆಸಕ್ತಿಯಿಂದ ಕೇಳಿದರು. ಟೀಚರು ಹಗ್ಗದ ತುದಿ ಕೈಗೆ ಸುತ್ತಿಕೊಂಡು ಅವರ ಪಕ್ಕ ನಡೆಯುತ್ತ ಉತ್ತರಿಸಿದರು. ಕತ್ತು ಮಾತ್ರ ಹಿಂದಕ್ಕೆ ತಿರುಗುತ್ತಲೇ ಇತ್ತು. ಹೆದ್ದಾರಿ ಬಂತು. ಬಾಲದಲ್ಲಿ ಇರಬೇಕಾಗಿದ್ದ ಡ್ರಿಲ್ ಮಾಸ್ತರು ಅಭ್ಯಾಸಬಲದಿಂದ ಬಾವುಟ ಎತ್ತಿ ಲಾರಿಗಳ ಎದುರಿಗೆ ಹೋಗಿ ನಿಂತರು. ಸಾಲು ರಸ್ತೆಯ ಮೊದಲ ಅರ್ಧ ದಾಟಿತು. ರಸ್ತೆಯ ನಡುವಿನ ಕಟ್ಟೆಯ ಮೇಲೆ ಸಾಲು ಒಂದು ಗಳಿಗೆ ನಿಂತಿತು. ಡ್ರಿಲ್ ಮಾಸ್ತರು ಎರಡನೇ ಅರ್ಧಕ್ಕೆ ಓಡಿದರು, ಸಾಲು ಹೊರಟಿತು, ದಾಟಿತು. ಟೀಚರ ಕೈಯಲ್ಲಿ ಹಗ್ಗ ಬಿಗಿಯಾಗಿಯೇ ಇತ್ತು, ಎಲ್ಲೂ ಜೋತುಬಿದ್ದಿರಲಿಲ್ಲ. ಶಾಲೆಯ ಗೇಟಿನಲ್ಲಿ ತಿರುಗಿ ನೋಡಿದರು. ಪ್ರತಿ ಗಂಟಿನ ಮೇಲೂ ಒಂದು ಪುಟ್ಟ ಮುಷ್ಟಿ ಇತ್ತು. ಅಂದು ಬೆಳಗಿನಿಂದ ಮೊದಲ ಬಾರಿಗೆ ಅವರು ಪೂರ್ತಿ ಉಸಿರು ಬಿಟ್ಟರು.

ಭಾಷಣವಾಯಿತು, ಫೋಟೊ ಆಯಿತು, ಅಧಿಕಾರಿ “ಬಹಳ ಚೆನ್ನಾಗಿದೆ” ಎಂದದ್ದೂ ಆಯಿತು. ಟೀಚರು ಒಂದನೇ ಕ್ಲಾಸಿಗೆ ಬಂದು ಹಾಜರಿ ಕೂಗಿದರು. ಗುಬ್ಬಿಯ ಸರದಿಗೆ ಯಾರೂ ಓ ಎನ್ನಲಿಲ್ಲ. ಅವಳ ಜಾಗದಲ್ಲಿ ಬ್ಯಾಗೂ ಇಲ್ಲ.

“ಗುಬ್ಬಿ ಎಲ್ಲಿ?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಗ್ಗದಲ್ಲಿ ಅವಳ ಹಿಂದೆ ನಡೆಯುವ ಡುಮ್ಮ ಎದ್ದು ನಿಂತ. ಅವನ ಮುಖದಲ್ಲಿ ಹೆಮ್ಮೆ.

“ಟೀಚರ್, ರೋಡಲ್ಲಿ ಅವಳು ಬಿಟ್ಟುಬಿಟ್ಲು. ನಾನು ಅವಳದ್ದೂ ಹಿಡ್ಕೊಂಡೆ. ಎರಡೂ ನಾನೇ ತಂದೆ. ಖಾಲಿ ಬಿಡಲೇ ಇಲ್ಲ!”

ಟೀಚರು ಹಾಜರಿ ಪುಸ್ತಕ ಅಲ್ಲೇ ಬಿಟ್ಟು ಬಾಗಿಲಿಗೆ ನಡೆದರು. ಆ ಮಗುವನ್ನು ಬೈಯುವ ಹಾಗೂ ಇಲ್ಲ; ಹೇಳಿಕೊಟ್ಟವರು ತಾವೇ. ಪಕ್ಕದ ಕ್ಲಾಸಿನ ಬಾಗಿಲಲ್ಲಿ “ಇವರನ್ನ ನೋಡ್ಕೊಳ್ಳಿ” ಎಂದು ಕೂಗಿದ್ದಷ್ಟೇ, ಗೇಟಿನ ಹೊರಗೆ ಬಿದ್ದು ಓಡಿದರು. ಸೆರಗು ಎಲ್ಲೋ, ಚಪ್ಪಲಿ ಎಲ್ಲೋ. ‘ದೇವರೇ, ದೇವರೇ’ ಎನ್ನುವುದು ಬಿಟ್ಟರೆ ಬಾಯಲ್ಲಿ ಬೇರೆ ಮಾತಿಲ್ಲ. ಒಂದೇ ಮನೆಗೆ ಎರಡು ಸಲ ಹೀಗಾಗುತ್ತದೆಯೇ? ಆ ತಾಯಿಯ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ನಿಲ್ಲುವುದಿರಲಿ, ಮಗು, ಮಗು ಇದ್ದರೆ ಸಾಕು. ಹೆದ್ದಾರಿಯ ಅಂಚಿಗೆ ಬಂದಾಗ ಜನ ಗುಂಪುಗೂಡಿದ್ದಾರೆಯೇ ಎಂದು ಮೊದಲು ನೋಡಿದರು. ಗುಂಪಿರಲಿಲ್ಲ. ನಡುವಿನ ಕಟ್ಟೆ ನೋಡಿದರು. ಯಾರೂ ಇರಲಿಲ್ಲ. ಒಂದರ ಹಿಂದೊಂದು ಲಾರಿ ಹೋಗುತ್ತಲೇ ಇತ್ತು, ರಸ್ತೆಯಲ್ಲಿ ಏನೂ ಬಿದ್ದಿಲ್ಲ ಎನ್ನುವುದನ್ನು ಖಚಿತಮಾಡಿಕೊಳ್ಳಲೂ ಬಿಡದೆ.

“ಟೀಚರೇ! ಇಲ್ಲಿ, ಇಲ್ಲಿ! ಓಡ್ಬೇಡಿ, ಇಲ್ಲೇ ಇದ್ದಾಳೆ!”

ರಸ್ತೆ ಬದಿಯ ಪಂಚರ್ ಅಂಗಡಿಯವನು ಕೂಗುತ್ತಿದ್ದ. ಅವನ ಅಂಗಡಿಯ ಮುಂದೆ ಹಳೆಯ ಟೈರಿನ ಮೇಲೆ ಗುಬ್ಬಿ ಕೂತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಒಣಗಿದ ಗೆರೆ. ಕೈಯಲ್ಲಿ ಕೆಟ್ಟುನಿಂತ ಕಾರುಗಳನ್ನು ಎಳೆಯುವ ದಪ್ಪ ಹಗ್ಗದ ಒಂದು ಗಂಟು. ಹಗ್ಗದ ಇನ್ನೊಂದು ತುದಿ ಪಂಚರ್‌ನವನ ಸೊಂಟಕ್ಕೆ ಕಟ್ಟಿತ್ತು, ಅವನು ಹಾಗೇ ಕೂತು ಟ್ಯೂಬು ತಿಕ್ಕುತ್ತಿದ್ದ.

“ಏನ್ ಟೀಚರೇ ಹೀಗೆ ಪಾಠ ಮಾಡಿಟ್ಟಿದ್ದೀರಿ?” ಎಂದ. “ಕಾರಿನ ಅಡಿಯಿಂದ ಎದ್ದು ನೋಡ್ತೀನಿ, ರೋಡಿನ ಮಧ್ಯದ ಕಟ್ಟೆ ಮೇಲೆ ಒಂದು ಕಾಲಲ್ಲಿ ಚಪ್ಪಲಿ ಹಾಕ್ಕೊಂಡು ನಿಂತಿದೆ ಇದು. ಅಲ್ಲಾಡಲ್ಲ, ಅತ್ತ ಇತ್ತ ನೋಡಲ್ಲ. ‘ಬಾ ಪುಟ್ಟಿ’ ಅಂತ ಕೈ ಹಿಡಿದ್ರೆ ಊರು ಒಂದಾಗೋ ಹಾಗೆ ಕಿರುಚ್ತು. ಚಾಕಲೇಟ್ ತೋರಿಸಿದ್ರೆ ಇನ್ನೂ ಜೋರು. ನೀವು ದಿನಾ ಹೋಗೋದನ್ನ ನೋಡಿದ್ದೆನಲ್ಲ, ಕೊನೆಗೆ ಅಂಗಡಿಯಿಂದ ಹಗ್ಗ ತಂದು ಒಂದು ಗಂಟು ಹಾಕಿ ನೀಡಿದೆ. ಆಗ ಬಂತು ನೋಡಿ, ಬಾಯಿ ಮುಚ್ಕೊಂಡು. ಅಂಗಡಿಗೆ ಬಂದ ಮೇಲೂ ಹಗ್ಗ ಬಿಡಲೊಲ್ದು, ಟೀಚರ್ ಬರ್ತಾರೆ ಅಂತ ಇಲ್ಲೇ ಕೂತ್ಬಿಡ್ತು. ಅದಕ್ಕೇ ಈ ಅವತಾರ.”

ಟೀಚರು ನೆಲದ ಮೇಲೆ, ಆ ಎಣ್ಣೆಯ ಕಲೆಗಳ ಮೇಲೆಯೇ ಕುಕ್ಕರಿಸಿ ಗುಬ್ಬಿಯನ್ನು ಅವುಚಿಕೊಂಡರು. ಗುಬ್ಬಿ ಅಂದಳು, “ಚಪ್ಪಲಿ ಉಂಗುಷ್ಠ ಕಿತ್ತೋಯ್ತು ಟೀಚರ್. ನಾನು ನಿಂತಲ್ಲೇ ನಿಂತಿದ್ದೆ. ನೀವು ಬರಲೇ ಇಲ್ಲ.”

ಅಷ್ಟೇ ಮಾತು. ಬೈದದ್ದಲ್ಲ, ದೂರಿದ್ದಲ್ಲ. ಟೀಚರು ಅಷ್ಟು ದೊಡ್ಡ ಹೆಂಗಸು, ಪಂಚರ್ ಅಂಗಡಿಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತರು.

ಶಾಲೆಗೆ ಮರಳಿದಾಗ ಹೆಡ್ ಮಾಸ್ತರು ಬೆವರು ಒರೆಸಿಕೊಳ್ಳುತ್ತ ಗೇಟಿನಲ್ಲೇ ನಿಂತಿದ್ದರು. ಮಗುವಿಗೆ ಒಂದು ಗೀರೂ ಬಿದ್ದಿಲ್ಲ ಎಂದು ನೋಡಿದ ಮೇಲೆ ದನಿ ತಗ್ಗಿಸಿದರು.

“ಸಿಕ್ಕಳಲ್ಲ, ಮುಗೀತು. ಇದು ಇಲ್ಲಿಗೇ ಇರಲಿ ಟೀಚರೇ. ಆ ಅಮ್ಮಂಗೆ ಹೇಳೋಕೆ ಹೋಗ್ಬೇಡಿ. ಆಯಮ್ಮ ಬೀದಿಯಲ್ಲಿ ನಿಂತು ಕೂಗಿದ್ರೆ ನಾಳೆ ಒಂದು ಮಗೂನೂ ಹಗ್ಗ ಮುಟ್ಟಲ್ಲ. ಮತ್ತೆ ಮಕ್ಕಳು ಮನೇಲಿ ಕೂತ್ಕೋತಾರೆ. ನೀವು ಇಷ್ಟು ದಿನ ಒದ್ದಾಡಿದ್ದೆಲ್ಲ ನೀರಲ್ಲಿ ಹೋಮ. ಯೋಚನೆ ಮಾಡಿ.”

ಹೆಡ್ ಮಾಸ್ತರು ಕೆಟ್ಟವರೇನಲ್ಲ, ಅವರ ಮಾತಿನಲ್ಲಿ ನಿಜವೂ ಇತ್ತು. ಪಂಚರ್‌ನವನೂ ಹೊರಡುವಾಗ, “ನಾನ್ಯಾರಿಗೂ ಹೇಳಲ್ಲ, ಹೋಗಿ” ಎಂದಿದ್ದ. ಗುಬ್ಬಿಯಂತೂ ಟೀಚರ ಸೆರಗು ಜಗ್ಗಿ, “ಅಮ್ಮಂಗೆ ಹೇಳ್ಬೇಡಿ ಟೀಚರ್, ಚಪ್ಪಲಿ ಕಿತ್ಕೊಂಡಿದ್ದಕ್ಕೆ ಬೈತಾಳೆ” ಎಂದಿದ್ದಳು. ಎಲ್ಲರೂ ಬಾಯಿಗೆ ಬೀಗ ಹಾಕಲು ತಯಾರು. ಟೀಚರೊಬ್ಬರು ಸುಮ್ಮನಿದ್ದರೆ ಸಾಕು, ಹಗ್ಗ ಉಳಿಯುತ್ತದೆ, ಮಕ್ಕಳೆಲ್ಲ ಶಾಲೆಯಲ್ಲಿ ಉಳಿಯುತ್ತಾರೆ. ಹೇಳಿದರೆ, ಎಲ್ಲವೂ ಒಂದೇ ಏಟಿಗೆ ಹೋಗಬಹುದು. ಟೀಚರು ಬೋರ್ಡಿನ ಮೇಲೆ ಅಕ್ಷರ ಬರೆದರು, ಅಳಿಸಿದರು, ಅದನ್ನೇ ಮತ್ತೆ ಬರೆದರು. ತಲೆಯೊಳಗೆ ಒಂದೇ ಚಿತ್ರ ಸುತ್ತುತ್ತಿತ್ತು. ಆ ಹೆಂಗಸು ಈಗಲೂ ಅಲ್ಲಿ ಕೂತು ಯಾರದೋ ಅಂಗಿಗೆ ಕಾಲರ್ ಹೊಲಿಯುತ್ತಿದ್ದಾಳೆ.

ಊಟದ ಬಿಡುವಿಗೆ ಗಾರ್ಮೆಂಟ್ಸಿನ ಗೇಟಿನಲ್ಲಿ ನಿಂತು ವಾಚ್‌ಮನ್‌ನಿಂದ ಅವಳನ್ನು ಕರೆಸಿದರು. ಬಟ್ಟೆಗೆಲ್ಲ ದಾರದ ಚೂರು ಅಂಟಿಸಿಕೊಂಡು ಅವಳು ಬಂದಳು. ಟೀಚರನ್ನು ಕಂಡದ್ದೇ ಗೇಟಿನ ಕಂಬಿ ಹಿಡಿದುಕೊಂಡಳು.

“ಗುಬ್ಬಿ ಚೆನ್ನಾಗಿದ್ದಾಳೆ ಕಣಮ್ಮ, ಕ್ಲಾಸಲ್ಲಿ ಊಟ ಮಾಡ್ತಿದ್ದಾಳೆ, ಏನೂ ಆಗಿಲ್ಲ,” ಎಂದು ಟೀಚರು ಒಂದೇ ಉಸಿರಿಗೆ ಹೇಳಿದರು. ಆಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳಿದರು. ತಾವು ಮುಂದೆ ನಡೆದದ್ದು, ಚಪ್ಪಲಿ, ನಡುರಸ್ತೆ, ಡುಮ್ಮ ಹಿಡಿದ ಎರಡು ಗಂಟು, ಗೇಟಿನಲ್ಲಿ ನೋಡಿಯೂ ತಿಳಿಯದೆ ಹೋದದ್ದು. “ತಪ್ಪು ನಂದು. ಆ ನಿಯಮ ಮಾಡಿದ್ದೂ ನಾನೇ” ಎಂದರು.

ಗುಬ್ಬಿಯ ಅಮ್ಮ ಕೇಳಿಸಿಕೊಂಡಳು. ಆಮೇಲೆ ಬಾಯಿ ಬಿಟ್ಟಳು ನೋಡಿ, ವಾಚ್‌ಮನ್ ಎದ್ದು ಪಕ್ಕಕ್ಕೆ ಸರಿದ.

“ಜವಾಬ್ದಾರಿ ನಂದು ಅಂದ್ರಲ್ಲ! ನನ್ನ ಬಾಗಿಲಲ್ಲಿ ನಿಂತು ಅಂದ್ರಲ್ಲ! ನಿಮ್ಮ ಹಗ್ಗಕ್ಕಿಷ್ಟು ಬೆಂಕಿ ಹಾಕ! ನನಗಿರೋದು ಇಬ್ರು ಮಕ್ಕಳು, ಟೀಚರೇ. ಒಬ್ಬಳ ಕಾಲು ಆ ರೋಡಿಗೆ ಕೊಟ್ಟಾಯ್ತು. ಇನ್ನೇನು ಕೊಡಲಿ? ಸಾಹೇಬ್ರು ನೋಡ್ಬೇಕು ಅಂತ ನೀವು ಮುಂದೆ ಹೋದ್ರಾ? ಹೋಗಿ, ಇಲ್ಲಿಂದ ಹೋಗಿ. ಇನ್ನೊಂದು ಗಳಿಗೆ ಇದ್ರೆ ನಾನು ಏನು ಮಾಡ್ತೀನೋ ನನಗೇ ಗೊತ್ತಿಲ್ಲ.”

ಟೀಚರು ಎಲ್ಲ ಕೇಳಿಸಿಕೊಂಡು ಹೊರಟರು. ಸಾಯಂಕಾಲ ಬಾಲದಲ್ಲಿ ನಡೆದು, ಎಲ್ಲ ಮಕ್ಕಳನ್ನೂ ಮನೆ ಸೇರಿಸಿ, ತಮ್ಮ ಮನೆಗೆ ಬಂದು ಯಜಮಾನರಿಗೂ ಎಲ್ಲ ಹೇಳಿದರು. ಯಜಮಾನರು ಆ ದಿನ ತಮಾಷೆ ಮಾಡಲಿಲ್ಲ. “ಹೇಳಿದ್ದು ಒಳ್ಳೇದಾಯ್ತು” ಎಂದಷ್ಟೇ ಅಂದು ತಟ್ಟೆ ಮುಂದಿಟ್ಟರು.

ಮರುದಿನ ಬೆಳಿಗ್ಗೆ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಡುವಾಗ ಟೀಚರು ಬೀಗ ಜಗ್ಗಿ ನೋಡಲೂ ಮರೆತರು. ಎಲ್ಲ ಬಾಗಿಲೂ ಮುಚ್ಚಿರುತ್ತವೆ ಎಂದುಕೊಂಡೇ ಹೋದರು. ಮೊದಲ ಮನೆಯ ಮಗು ಎಂದಿನಂತೆ ಬಂತು. ಎರಡನೆಯದೂ ಬಂತು. ಡುಮ್ಮ ಬಂದ. ಗುಬ್ಬಿಯ ಅಮ್ಮ ಬೀದಿಯಲ್ಲಿ ನಿಂತು ಕೂಗಿರಲಿಲ್ಲ, ಯಾರಿಗೂ ಏನೂ ಹೇಳಿರಲಿಲ್ಲ. ಆದರೆ ಅವಳ ಬಾಗಿಲು ಮುಚ್ಚಿತ್ತು. ಕಿಟಕಿಯ ಪರದೆಯೂ ಇಳಿದಿತ್ತು. ಟೀಚರು ಬಾಗಿಲು ತಟ್ಟಲು ಕೈ ಎತ್ತಿದರು, ಇಳಿಸಿದರು. ಯಾವ ಬಾಯಿಂದ ಕರೆಯುವುದು?

ಡುಮ್ಮ ಅಭ್ಯಾಸದಂತೆ ಮುಂದಿನ ಗಂಟಿಗೂ ಕೈ ಚಾಚಿದ.

“ಬೇಡ ಕಂದ, ಬಿಡು,” ಎಂದರು ಟೀಚರು. ಮಕ್ಕಳ ಕಡೆ ತಿರುಗಿ ಜೋರಾಗಿ ಹೇಳಿದರು: “ಎಲ್ಲರೂ ಕೇಳಿ. ಇವತ್ತಿಂದ ಯಾರೂ ಇನ್ನೊಬ್ಬರ ಗಂಟು ಹಿಡಿಯೋ ಹಾಗಿಲ್ಲ. ಖಾಲಿ ಇದ್ರೆ ಖಾಲಿ ಇರಲಿ. ಜೋತುಬೀಳಲಿ. ಯಾರಿಲ್ಲ ಅಂತ ಎಲ್ಲರಿಗೂ ಕಾಣ್ಲಿ.”

“ಕಾಲಿಗೆ ತೊಡರಿ ಬಿದ್ರೆ ಟೀಚರ್?”

“ಬಿದ್ರೆ ಎತ್ತೋಣ.”

ಸಾಲು ಹೊರಟಿತು. ಗುಬ್ಬಿಯ ಗಂಟು ಎಲ್ಲರ ನಡುವೆ ಮಂಡಿಯ ಕೆಳಗೆ ಜೋತಾಡುತ್ತಿತ್ತು. ಡುಮ್ಮ ಅದನ್ನು ತುಳಿಯದ ಹಾಗೆ ಹೆಜ್ಜೆ ನೋಡಿಕೊಂಡು ನಡೆದ. ಬಾಲದಲ್ಲಿದ್ದ ಟೀಚರಿಗೆ ಬೇರೇನೂ ಕಾಣುತ್ತಿರಲಿಲ್ಲ, ಆ ಗಂಟೊಂದೇ.

ಬೀದಿಯ ತಿರುವು ಇನ್ನೇನು ಬಂತು ಎನ್ನುವಾಗ ಹಿಂದಿನಿಂದ ಚಿಲಕ ತೆಗೆದ ಸದ್ದಾಯಿತು.

“ಟೀಚರೇ, ನಿಲ್ಲಿ.”

ಗುಬ್ಬಿಯ ಅಮ್ಮ ಬರುತ್ತಿದ್ದಳು. ಕಣ್ಣು ಊದಿಕೊಂಡಿತ್ತು. ಒಂದು ಕೈಯಲ್ಲಿ ಗುಬ್ಬಿ, ಗುಬ್ಬಿಯ ಕಾಲಿಗೆ ಹಿಮ್ಮಡಿ ಪಟ್ಟಿ ಇರುವ ಬೇರೆ ಚಪ್ಪಲಿ. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಗುಬ್ಬಿಯನ್ನು ಕರೆದೊಯ್ದು ಜೋತಾಡುತ್ತಿದ್ದ ಗಂಟನ್ನು ಎತ್ತಿ ಅವಳ ಕೈಗೆ ಕೊಟ್ಟಳು. ಆಮೇಲೆ ಟೀಚರ ಹತ್ತಿರ ಬಂದಳು.

“ಪರದೆ ಸಂದಿಯಿಂದ ನೋಡ್ತಾ ಇದ್ದೆ, ಇವಳ ಜಾಗ ತುಂಬಿಸ್ಕೊಂಡು ಹೋಗ್ತೀರಾ ಅಂತ,” ಎಂದಳು. “ಸಿಟ್ಟು ಹೋಗಿಲ್ಲ ಟೀಚರೇ, ಸದ್ಯಕ್ಕೆ ಹೋಗೋದೂ ಇಲ್ಲ. ಆದ್ರೆ ಆವತ್ತು ಯಾರೂ ಬರಲಿಲ್ಲ. ನಿನ್ನೆ ನೀವು ಬಂದ್ರಿ.”

ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಟಕ್ ಟಕ್ ಎಂದು ಕೇಳಿಸಿತು. ದೊಡ್ಡವಳು ಊರುಗೋಲು ಊರುತ್ತ ಹೊಸ್ತಿಲಿಳಿದು ಬರುತ್ತಿದ್ದಳು. ಚಿಕ್ಕದಾಗಿಹೋದ ಹಳೆಯ ಯೂನಿಫಾರ್ಮು, ಬೆನ್ನಿಗೆ ಬ್ಯಾಗು. ಹೆದ್ದಾರಿಯ ಕಡೆ ನೋಡದೆ, ಟೀಚರ ಕಾಲಿನ ಕಡೆ ನೋಡುತ್ತ ನಿಂತಳು.

“ರಾತ್ರಿಯೆಲ್ಲ ತಂಗಿ ಕಥೆ ಕೇಳಿ ಬಿಕ್ಕುತ್ತಿದ್ಲು. ಬೆಳಿಗ್ಗೆ ಎದ್ದು, ಅವಳ ಹಿಂದೆ ನಾನಿದ್ರೆ ಬಿಡ್ತಿರಲಿಲ್ಲ ಅಂದ್ಲು. ನಾನು ಹೇಳಿದ್ದಲ್ಲ,” ಎಂದಳು ತಾಯಿ. “ಇವಳಿಗೆ ಜಾಗ ಇದೆಯಾ?”

ಟೀಚರು ರಸ್ತೆಯ ಮೇಲೆ ಮಂಡಿಯೂರಿ, ಗುಬ್ಬಿಯ ಹಿಂದೆಯೇ ಹೊಸ ಗಂಟು ಹಾಕಲು ಕೂತರು. ಹಾಕಿದ್ದು ಬಿಚ್ಚಿಹೋಯಿತು, ಮತ್ತೆ ಹಾಕಿದರು. ದೊಡ್ಡವಳು ಊರುಗೋಲಿಲ್ಲದ ಕೈಯಿಂದ ಅದನ್ನು ಹಿಡಿದಳು. ತಾಯಿ ಬಗ್ಗಿ, ಆ ಗಂಟನ್ನು ಒಂದು ಸಲ ಜಗ್ಗಿ ನೋಡಿದಳು. ಸಮಾಧಾನವಾಗದೆ ಮತ್ತೊಮ್ಮೆ ಜಗ್ಗಿದಳು. ಆಮೇಲೆ ಹಿಂದೆ ತಿರುಗಿ ನೋಡುತ್ತ, ನೋಡುತ್ತ ಕೆಲಸಕ್ಕೆ ಹೋದಳು.